ಬೇಸ್ ಗಿಟಾರ್ ಆಂಪ್ಲಿಫೈಯರ್: ಜೋಡಣೆ ಮತ್ತು ಬಳಕೆ

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಕಾಲದಲ್ಲಿ ಹಾರ್ಮೋನಿಯಂ, ತಬಲಾ ಮತ್ತು ಎರಡು ಮೈಕುಗಳಿದ್ದರೆ ಸಾಕಾಗುತ್ತಿತ್ತು. ಯಕ್ಷಗಾನದ ಚೆಂಡೆಗಂತೂ ಮೈಕಿನ ಹಂಗೇ ಇರಲಿಲ್ಲ. ಇಂದು ಹಳೆ ವಿದ್ಯಾರ್ಥಿಗಳು ರಸಮಂಜರಿ ಏರ್ಪಡಿಸಿದರೆ ಕೀಬೋರ್ಡಿನ ಜೊತೆಗೆ ಬೇಸ್ ಗಿಟಾರೂ ವೇದಿಕೆಯೇರುತ್ತದೆ. ಹಲವು ವರ್ಷ ಆ ವಾದ್ಯವನ್ನು ನುಡಿಸಿದ ಈ ಶಾಲೆಯ ಹಳೆ ವಿದ್ಯಾರ್ಥಿಯಾಗಿ, ಅದರ ಆಂಪ್ಲಿಫೈಯರನ್ನು ಬಳಸುವ ಕ್ರಮವನ್ನು ಇಲ್ಲಿ ವಿವರಿಸಲು ಬಯಸುತ್ತೇನೆ.

ನಾಲ್ಕು ತಂತಿಗಳ ಬೇಸ್ ಗಿಟಾರಿನ ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಂತಹ ಮಂದ್ರ ಸ್ವರಗಳಿಗೆ ನಮ್ಮ ಕಿವಿ ಅಷ್ಟು ಸೂಕ್ಷ್ಮವಲ್ಲ. ಆದ್ದರಿಂದ ಅವು ಸಭೆಗೆ ಕೇಳಿಸಬೇಕಾದರೆ ಹೆಚ್ಚಿನ ಶಕ್ತಿಯೂ ದೊಡ್ಡ ಸ್ಪೀಕರುಗಳೂ ಬೇಕು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ತನ್ನ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದು, ಮರುವರ್ಷವೇ 'ಬೇಸ್‌ಮನ್' ಎಂಬ ಪ್ರತ್ಯೇಕ ಆಂಪ್ಲಿಫೈಯರನ್ನು ಹೊರತಂದದ್ದು ಈ ಅಗತ್ಯದಿಂದಲೇ.

ಮೊದಲು ಗಮನಿಸಬೇಕಾದುದು ಭೂಸಂಪರ್ಕ, ಅಂದರೆ ಅರ್ತಿಂಗ್. ಗಿಟಾರಿನ ತಂತಿಗಳು ಸಾಮಾನ್ಯವಾಗಿ ಆಂಪ್ಲಿಫೈಯರಿನ ಲೋಹದ ಕವಚದೊಂದಿಗೆ ವಿದ್ಯುತ್ ಸಂಪರ್ಕದಲ್ಲಿರುತ್ತವೆ. ಹಿಂದೊಮ್ಮೆ ಒಂದು ಸಮಾರಂಭದಲ್ಲಿ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನೇ ಯಾರೋ ಮುರಿದುಹಾಕಿದ್ದರು. ಮಳೆ ನಿಂತ ಒದ್ದೆ ನೆಲದಲ್ಲಿ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದೊಡನೆ ನನಗೆ ತೀವ್ರ ಆಘಾತವಾಯಿತು. ದೇವರ ದಯೆಯಿಂದ ಉಳಿದೆ. ಅಂದಿನಿಂದ ಅರ್ತ್ ಪರೀಕ್ಷಿಸದೆ ನಾನು ವಾದ್ಯ ಮುಟ್ಟಿದ್ದಿಲ್ಲ. ವೇದಿಕೆಯ ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಸುರಕ್ಷಾ ಸ್ವಿಚ್ ಇದ್ದರೆ ಇನ್ನೂ ಕ್ಷೇಮ. ಬಂಧುಗಳು ಅಮೆರಿಕದಿಂದ ತಂದ ಉಪಕರಣವಾದರೆ ಅದು ನಮ್ಮ 230 ವೋಲ್ಟಿಗೆ ಹೊಂದುವುದೇ ಎಂದು ನೋಡಿಯೇ ಪ್ಲಗ್ ಹಾಕಬೇಕು.

ಸ್ಪೀಕರ್ ಪೆಟ್ಟಿಗೆ ಬೇರೆಯಾಗಿದ್ದರೆ, ಸ್ವಿಚ್ ಆರಿಸಿಯೇ ಅದನ್ನು ಜೋಡಿಸತಕ್ಕದ್ದು. ಗಿಟಾರಿನ ತೆಳು ಕೇಬಲ್ ಇದಕ್ಕೆ ಸಲ್ಲದು. ದಪ್ಪನೆಯ ಸ್ಪೀಕರ್ ಕೇಬಲನ್ನೇ ಬಳಸಬೇಕು. 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾನಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಸೂಚಿಸಿದ ಕನಿಷ್ಠ ಓಮಿಗಿಂತ ಕೆಳಗಿಳಿದರೆ ಅದು ಅತಿಯಾಗಿ ಕಾದು ಕೆಡಬಹುದು. ವಾಲ್ವ್ ಮಾದರಿಯದನ್ನು ಸ್ಪೀಕರ್ ಇಲ್ಲದೆ ಎಂದೂ ಚಾಲೂ ಮಾಡಬಾರದು.

ಬಳಿಕ 'ಗೇನ್' ಮತ್ತು 'ಮಾಸ್ಟರ್' ಗುಂಡಿಗಳೆರಡನ್ನೂ ಸೊನ್ನೆಗೆ ತಂದು, ಸ್ವರಭೇದದ ಗುಂಡಿಗಳನ್ನು ನಡುವೆ ನಿಲ್ಲಿಸಿ, ಸ್ವಿಚ್ ಹಾಕಬೇಕು. ಗಿಟಾರಿನ ಧ್ವನಿಯನ್ನು ಪೂರ್ಣವಾಗಿರಿಸಿ, ಕಾರ್ಯಕ್ರಮದಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತ ಗೇನ್ ಏರಿಸಬೇಕು. ಎಚ್ಚರಿಕೆಯ ಕೆಂಪು ದೀಪ ಮಿನುಗಿದರೆ ಸ್ವಲ್ಪ ಹಿಂದಕ್ಕೆ ತರಬೇಕು. ಆಮೇಲೆ ಸಭೆಗೆ ಬೇಕಾದಷ್ಟು ಮಾಸ್ಟರ್ ಏರಿಸಿದರಾಯಿತು. ಗೇನ್ ಒಳಬರುವ ಸಂಕೇತವನ್ನು ಬಲಪಡಿಸುತ್ತದೆ, ಮಾಸ್ಟರ್ ಹೊರಹೋಗುವ ಧ್ವನಿಯನ್ನು ನಿಯಂತ್ರಿಸುತ್ತದೆ ಎಂಬ ಭೇದ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಧ್ವನಿ ಅಸ್ಪಷ್ಟವೆನಿಸಿದಾಗ 'ಬೇಸ್' ಗುಂಡಿಯನ್ನು ಇನ್ನಷ್ಟು ಏರಿಸುವುದು ಸಾಮಾನ್ಯ ತಪ್ಪು. ಕೇವಲ 3 ಡೆಸಿಬೆಲ್ ಹೆಚ್ಚಿಸಿದರೂ ಆ ಸ್ವರಗಳಿಗೆ ಎರಡು ಪಟ್ಟು ಶಕ್ತಿ ಬೇಕಾಗುತ್ತದೆ. ಬದಲಿಗೆ ಬೇಸನ್ನು ಕೊಂಚ ತಗ್ಗಿಸಿ, ನಡುಸ್ವರವನ್ನು ತುಸು ಏರಿಸಿದರೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಪೆಟ್ಟಿಗೆಯನ್ನು ಗೋಡೆಯ ಮೂಲೆಗೆ ಒತ್ತಿಟ್ಟರೆ ಮಂದ್ರಸ್ವರ ಉಬ್ಬುತ್ತದೆ. ಟೊಳ್ಳಾದ ಹಲಗೆಯ ವೇದಿಕೆಯೂ ಅದರೊಡನೆ ಗುಂಯ್‌ಗುಡುತ್ತದೆ. ಆಗ ಪೆಟ್ಟಿಗೆಯನ್ನು ಗೋಡೆಯಿಂದ ದೂರ ಸರಿಸಿ, ಗಟ್ಟಿಯಾದ ಬೆಂಚಿನ ಮೇಲೆ ಏರಿಸಿಡುವುದು ಉತ್ತಮ. ನುಡಿಸುವವನಿಗೆ ಹಿತವಾದುದು ಸಭಿಕರಿಗೂ ಹಿತವಾಗಿರಬೇಕೆಂದಿಲ್ಲ. ಆದುದರಿಂದ ಗೆಳೆಯರೊಬ್ಬರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ ಕೇಳಿಸಬೇಕು. ಗಾಯಕರ ಸಾಹಿತ್ಯ ಅಲ್ಲಿಗೆ ಸ್ಪಷ್ಟವಾಗಿ ಕೇಳದಿದ್ದರೆ ಬೇಸಿನ ಧ್ವನಿಯನ್ನು ತಗ್ಗಿಸಲೇಬೇಕು. ಕಾರ್ಯಕ್ರಮ ಮುಗಿದ ಮೇಲೆ ಮಾಸ್ಟರನ್ನು ಸೊನ್ನೆಗೆ ಇಳಿಸಿ ಸ್ವಿಚ್ ಆರಿಸಿ, ಆಮೇಲೆಯೇ ಕೇಬಲ್ ಕಳಚಬೇಕು.

ಉತ್ತಮ ಬೇಸ್ ವಾದನ ಹಿಮ್ಮೇಳದಂತೆ: ತಾನು ಮೆರೆಯದೆ ಹಾಡನ್ನು ಎತ್ತಿಹಿಡಿಯುತ್ತದೆ. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ನಮ್ಮ ಮಕ್ಕಳು ವಾದ್ಯ ಕೈಗೆತ್ತಿಕೊಳ್ಳುವ ಮುನ್ನ ಅಲ್ಲಿಯ ಪ್ರತಿಯೊಂದು ಪ್ಲಗ್ ಪಾಯಿಂಟಿನ ಅರ್ತಿಂಗನ್ನು ಬಲ್ಲವರಿಂದ ಪರೀಕ್ಷಿಸಬೇಕೆಂದು ಸಮಿತಿಯ ಹಿರಿಯರಲ್ಲಿ ನನ್ನ ಸವಿನಯ ವಿನಂತಿ.