ನಿಮಗಿದು ಗೊತ್ತೇ? ಗೊರಿಲ್ಲಾಗೆ ಎಷ್ಟು ಅಂಕಣದ ಮನೆ ಬೇಕು?

ನಮ್ಮ ಕಡೆಯ ಕೋಸಗಿಯ ಬಂಡೆಗುಡ್ಡಗಳಲ್ಲಿ ಹಾರಾಡುವ ಕೋತಿಗೆ ಬಾಲವಿದೆ. ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್‌ಗಳಿಗೆ ಬಾಲವಿಲ್ಲ. ಇವು ಮಹಾವಾನರಗಳು. ಜೀವವಿಜ್ಞಾನದ ವಂಶಾವಳಿಯಲ್ಲಿ ಮನುಷ್ಯನೂ ಇದೇ ಮನೆತನದವನು.

ಇವು ಭಾರತದ ಯಾವ ಕಾಡಿನಲ್ಲೂ ಇಲ್ಲ. ಒರಾಂಗುಟಾನ್ ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳದ್ದು, ಉಳಿದ ಮೂರೂ ಆಫ್ರಿಕಾದವು. ಬಾಲವಿಲ್ಲದ ವಾನರ ನಮ್ಮಲ್ಲಿಯೂ ಒಂದಿದೆ: ಈಶಾನ್ಯದ ಹೂಲಾಕ್ ಗಿಬ್ಬನ್. ಅಸ್ಸಾಮಿನ ಜೋರ್ಹಾಟ್ ಜಿಲ್ಲೆಯಲ್ಲಿ ಅದರ ಹೆಸರಿನದೇ ಒಂದು ಅಭಯಾರಣ್ಯವಿದೆ. ಆದರೆ ಅದು ಸಣ್ಣ ವಾನರಗಳ ಪೈಕಿ. ಹಾಗಾಗಿ ನಮ್ಮ ನೆಲದಲ್ಲಿ ಯಾರು ಗೊರಿಲ್ಲಾ ನೋಡಿದ್ದರೂ ಅದನ್ನು ಮೃಗಾಲಯದಲ್ಲೇ ನೋಡಿರಬೇಕು. ಅದಕ್ಕೆ ಎಷ್ಟು ಜಾಗ ಕೊಟ್ಟಿದ್ದೇವೆ ಎಂಬ ಪ್ರಶ್ನೆ ಟಿಕೆಟ್ ಕೊಂಡು ನೋಡುವ ನಮ್ಮದೂ ಹೌದು.

ಕೋಸಗಿ, ಆದೋನಿ ಕಡೆಯವರು ಹಂಪಿಗೆ ಹೋದಾಗ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದಲ್ಲಿ ಹುಲಿ, ಸಿಂಹ ನೋಡಿ ಬರುತ್ತಾರೆ. ಗೊರಿಲ್ಲಾ ನೋಡಬೇಕೆಂದರೆ ಮೈಸೂರಿಗೇ ಹೋಗಬೇಕು.

ಮೈಸೂರು ಮೃಗಾಲಯ ಶುರುವಾದದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಈಗಿನ ವಿಸ್ತೀರ್ಣ 157 ಎಕರೆ. ಇಷ್ಟು ಜಾಗವಿದ್ದೂ ಅಲ್ಲಿ ಒಂದು ಜೀವ ವರ್ಷಗಟ್ಟಲೆ ಇನ್ನೊಂದು ಕೊರತೆಯಲ್ಲಿ ಬದುಕಿತು. ಅದರ ಹೆಸರು ಪೋಲೋ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಗಂಡು ಗೊರಿಲ್ಲಾ. ಜೊತೆಗಾತಿ ತೀರಿಹೋದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂಟಿ. ಇಡೀ ದೇಶದಲ್ಲಿ ಇದ್ದದ್ದು ಆ ಒಂದೇ ಗೊರಿಲ್ಲಾ. ಅದಕ್ಕೊಂದು ಜೋಡಿ ಹುಡುಕಿ ಮೃಗಾಲಯದವರು ಹೊರದೇಶಗಳಿಗೆ ಪತ್ರ ಬರೆಯುತ್ತಲೇ ಇದ್ದರು. ಜೋಡಿ ಸಿಗಲಿಲ್ಲ. 2014ರ ಮಾರ್ಚ್‌ನಲ್ಲಿ ಪೋಲೋ ಸತ್ತಿತು. ಕಾಡಿನಲ್ಲಾದರೆ ಗೊರಿಲ್ಲಾ ಗುಂಪಿನಲ್ಲೇ ಉಂಡು, ಗುಂಪಿನಲ್ಲೇ ಮಲಗುವ ಪ್ರಾಣಿ. ಅದಕ್ಕೆ ಎಕರೆಗಟ್ಟಲೆ ನೆಲ ಕೊಟ್ಟು ಮೈದಡವಲು ಇನ್ನೊಂದು ಗೊರಿಲ್ಲಾ ಕೊಡದಿದ್ದರೆ ಜಾಗ ಕೊಟ್ಟ ಹಾಗಾಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ದೇಶದ ಕೊನೆಯ ಒರಾಂಗುಟಾನ್‌ನ ಕಥೆಯೂ ಇಂಥದ್ದೇ. ಬಿನ್ನಿ ಎಂಬ ಹೆಣ್ಣು, 2003ರಲ್ಲಿ ಪುಣೆಯಿಂದ ಒಡಿಶಾದ ನಂದನಕಾನನಕ್ಕೆ ಬಂದಿತ್ತು. 2019ರಲ್ಲಿ ಅದು ಸತ್ತಾಗ ಭಾರತದ ಮೃಗಾಲಯಗಳಲ್ಲಿ ಒರಾಂಗುಟಾನ್ ಇಲ್ಲವೇ ಇಲ್ಲ ಎಂದಾಯಿತು.

ಆಮೇಲೆ 2021ರಲ್ಲಿ ಮೈಸೂರಿಗೆ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾ ಬಂದವು: 14 ವರ್ಷದ ಥಾಬೋ, 8 ವರ್ಷದ ಡೆಂಬಾ. ಅದೇ ವರ್ಷ ಮಲೇಷ್ಯಾ ಮತ್ತು ಸಿಂಗಾಪುರದಿಂದ ಒರಾಂಗುಟಾನ್‌ಗಳೂ ಬಂದವು. ಗೊರಿಲ್ಲಾಗಳಿಗೆ ಇನ್ಫೋಸಿಸ್ ಫೌಂಡೇಶನ್ ನೆರವಿನಿಂದ ಹೊಸ ಆವರಣ ಕಟ್ಟಲಾಯಿತು.

ಎರಡೂ ಗಂಡೇ ಏಕೆ? ಥಾಬೋ, ಡೆಂಬಾ ಅಣ್ಣತಮ್ಮಂದಿರು. ಗೊರಿಲ್ಲಾ ಗುಂಪಿಗೆ ಸಾಮಾನ್ಯವಾಗಿ ಬೆನ್ನು ಬೆಳ್ಳಗಾದ ಒಂದು ಗಂಡು ಯಜಮಾನ, ಅದರೊಂದಿಗೆ ಹಲವು ಹೆಣ್ಣುಗಳು. ಹುಟ್ಟುವುದು ಮಾತ್ರ ಗಂಡು, ಹೆಣ್ಣು ಹೆಚ್ಚುಕಡಿಮೆ ಸಮ. ಹೀಗಾಗಿ ಲೋಕದ ಮೃಗಾಲಯಗಳಲ್ಲಿ ಪ್ರಾಯಕ್ಕೆ ಬಂದ ಗಂಡುಗಳು ಮಿಕ್ಕುತ್ತವೆ. ಅವನ್ನು ಒಂದೊಂದಾಗಿ ಕೂಡಿಹಾಕುವ ಬದಲು ಒಟ್ಟಿಗೆ ಸಾಕುವ ಪದ್ಧತಿ ಬಂದಿದೆ. ಆದರೆ ಇಂಥ ಗಂಡುಗುಂಪಿಗೆ ಜಾಗ ಇನ್ನೂ ಎಚ್ಚರದಿಂದ ಕಟ್ಟಬೇಕು. ಜಗಳವಾದಾಗ ಒಂದು ಇನ್ನೊಂದರ ಕಣ್ಣಿಗೆ ಬೀಳದೆ ಸರಿದುಹೋಗಲು ದಾರಿ ಬೇಕು. ಒಂದೇ ಬಾಗಿಲಿನ ಕೋಣೆ ಇಲ್ಲಿ ಅಪಾಯ: ಬಲಿಷ್ಠವಾದದ್ದು ಬಾಗಿಲಲ್ಲಿ ಕೂತುಬಿಟ್ಟರೆ ಇನ್ನೊಂದು ಮೂಲೆಯಲ್ಲಿ ಸಿಕ್ಕಿಬಿದ್ದ ಹಾಗೆ.

ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯ ನಿಯಮದಲ್ಲಿ 25 ಕಿಲೋಗಿಂತ ಹೆಚ್ಚು ತೂಗುವ ವಾನರಕ್ಕೆ ಕನಿಷ್ಠ ನೆಲ ಎಷ್ಟು ಗೊತ್ತೇ? ಸುಮಾರು 25 ಚದರಡಿ, ಎತ್ತರ 7 ಅಡಿ. ನಮ್ಮ ಕಡೆಯ ಹಳೆಯ ಮಾಳಿಗೆಮನೆಯ ಒಂದು ಅಂಕಣವೂ, ಅಂದರೆ ಕಂಬಗಳ ನಡುವಿನ ಒಂದು ಭಾಗವೂ, ಇದಕ್ಕಿಂತ ದೊಡ್ಡದು. 50 ಕಿಲೋ ದಾಟಿದ ಮಹಾವಾನರಕ್ಕೆ ಇದಕ್ಕಿಂತ ಹೆಚ್ಚು ಕೊಡಿ ಎಂದು ನಿಯಮ ಹೇಳುತ್ತದೆ, ಇಂತಿಷ್ಟೇ ಹೆಚ್ಚು ಎಂದು ಹೇಳುವುದಿಲ್ಲ. ಗಂಡು ಗೊರಿಲ್ಲಾದ ತೂಕ 150 ಕಿಲೋ ದಾಟುತ್ತದೆ. ಒಳ್ಳೆಯ ಮೃಗಾಲಯಗಳು ಕೊಡುವ ಜಾಗ ಇದರ ಎಷ್ಟೋ ಪಟ್ಟು ಇರುತ್ತದೆ, ನಿಜ. ಆದರೂ ಕಾನೂನಿನ ಕನಿಷ್ಠವೆಂದರೆ ಕೈ ಬಿಗಿಹಿಡಿಯುವವರಿಗೆ ಅದೇ ಗರಿಷ್ಠವಾಗಿಬಿಡುತ್ತದೆ.

ಭಾರತದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು 1992ರಲ್ಲಿ ಸ್ಥಾಪನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರ. ಅದರ ಮಾನದಂಡದಲ್ಲಿ ಒಂದು ಜೋಡಿ ಹುಲಿಗೆ ಹೊರಾಂಗಣ ಕನಿಷ್ಠ 1,000 ಚದರ ಮೀಟರ್, ಅಂದರೆ ಸುಮಾರು 25 ಸೆಂಟು, ಕಾಲು ಎಕರೆ.

ಹುಲಿಯ ಅಳತೆಗೋಲು ಒರಾಂಗುಟಾನ್‌ಗೆ ಸಾಲದು. ಮರದ ಮೇಲೆ ಬಾಳುವ ಪ್ರಾಣಿಗಳಲ್ಲೆಲ್ಲ ಅತಿ ದೊಡ್ಡದು ಅದು. ಅದಕ್ಕೆ ನೆಲದ ಉದ್ದಗಲಕ್ಕಿಂತ ಎತ್ತರದ ಲೆಕ್ಕ ಮುಖ್ಯ. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯ 1995ರಲ್ಲಿ ಇದಕ್ಕೊಂದು ಉಪಾಯ ಮಾಡಿತು. ಸುಮಾರು 50 ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿ, ನಡುವೆ ಉಕ್ಕಿನ ಹಗ್ಗ ಎಳೆದು, ಎರಡು ಕಟ್ಟಡಗಳ ನಡುವೆ ಒರಾಂಗುಟಾನ್‌ಗಳಿಗೆ ಆಕಾಶದಲ್ಲೇ ದಾರಿ ಮಾಡಿಕೊಟ್ಟಿತು. ಜನ ಕೆಳಗೆ ನಡೆಯುತ್ತಾರೆ, ಅವು ತಲೆಯ ಮೇಲೆ ಹಗ್ಗ ಹಿಡಿದು ದಾಟುತ್ತವೆ. ಯಾವ ಕಟ್ಟಡದಲ್ಲಿ ಇರಬೇಕೆಂಬ ಆಯ್ಕೆಯನ್ನೂ ಅವುಗಳಿಗೇ ಬಿಟ್ಟದ್ದು ನನಗೆ ಇನ್ನೂ ಹೆಚ್ಚು ಹಿಡಿಸಿತು.

ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್ ಮೂರೂ ಸಂಜೆಯಾದರೆ ಕೊಂಬೆ, ಎಲೆ ಬಾಗಿಸಿ ಹೊಸ ಹಾಸಿಗೆ ಹೆಣೆದುಕೊಳ್ಳುತ್ತವೆ. ನಿನ್ನೆಯದನ್ನು ಇವತ್ತು ಬಳಸುವುದು ಅಪರೂಪ. ಬರೀ ಸಿಮೆಂಟ್ ನೆಲ ಕೊಟ್ಟರೆ ಆ ಕೈಕೆಲಸ ತಪ್ಪಿಹೋಗುತ್ತದೆ. ಒಣಹುಲ್ಲು, ಸೊಪ್ಪಿನ ಕೊಂಬೆ ದಿನಾ ಹಾಕಿದರೆ ಸೆರೆಯಲ್ಲೂ ಅವು ಹೆಣೆಯುತ್ತವೆ.

ಚಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯದ ಸಂಶೋಧಕರು ಚಿಂಪಾಂಜಿ, ಗೊರಿಲ್ಲಾಗಳು ಆವರಣದೊಳಗೆ ಎಲ್ಲೆಲ್ಲಿ ಹೊತ್ತು ಕಳೆಯುತ್ತವೆ ಎಂದು ಗುರುತು ಹಾಕಿದರು. ಗೋಡೆಯ ಮೂಲೆ, ಬಾಗಿಲ ಬಳಿ, ಜಾಲರಿಯ ಪಕ್ಕ ಇವುಗಳಿಗೆ ಇಷ್ಟ. ನಡುವಿನ ಬಯಲಿನತ್ತ ಹೆಚ್ಚು ಸುಳಿಯುವುದಿಲ್ಲ. ಬಯಲು ದೊಡ್ಡದು ಮಾಡಿದ ಮಾತ್ರಕ್ಕೆ ಉಪಯೋಗಕ್ಕೆ ಬರುವ ಜಾಗ ದೊಡ್ಡದಾಗುವುದಿಲ್ಲ. ಹಾಗೆಂದು ಯಾರಾದರೂ ‘ಸಣ್ಣ ಜಾಗವೇ ಸಾಕು’ ಎಂದು ಇದನ್ನು ತಿರುಚಿದರೆ ಒಪ್ಪಬೇಡಿ. ಬಯಲಿನಲ್ಲಿ ಒರಗಲು ಬಂಡೆ, ಏರಲು ಮರ, ಅಡಗಲು ಪೊದೆ ಇಟ್ಟರೆ ಆ ಬಯಲೂ ಮನೆಯಾಗುತ್ತದೆ.

ಗೊರಿಲ್ಲಾವನ್ನು ದುರುಗುಟ್ಟಿ ನೋಡಬಾರದು. ಅದರ ಲೋಕದಲ್ಲಿ ನೇರ ನೋಟವೆಂದರೆ ಸವಾಲು. 2007ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡಾಮ್ ಮೃಗಾಲಯದಲ್ಲಿ ಬೊಕಿಟೊ ಎಂಬ ಗೊರಿಲ್ಲಾ ನೀರಿನ ಕಂದಕ ದಾಟಿ ಬಂದು ಒಬ್ಬ ಮಹಿಳೆಯನ್ನು ತೀವ್ರವಾಗಿ ಗಾಯಗೊಳಿಸಿತು. ಆಕೆ ಪದೇ ಪದೇ ಅದನ್ನು ನೋಡಲು ಬರುತ್ತಿದ್ದವರು. ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮುಗುಳ್ನಗುವುದನ್ನು ಸ್ನೇಹವೆಂದೇ ನಂಬಿದ್ದರು. ಆಮೇಲೆ ಆ ಊರಲ್ಲಿ ಕಾಗದದ ವಿಚಿತ್ರ ಕನ್ನಡಕಗಳನ್ನು ಹಂಚಲಾಯಿತು. ಹಾಕಿಕೊಂಡವರು ಬೇರೆ ಕಡೆ ನೋಡುತ್ತಿರುವಂತೆ ಕಾಣುವ ಹಾಗೆ ಅದರ ಮೇಲೆ ಕಣ್ಣು ಅಚ್ಚು ಮಾಡಿತ್ತು. ಭಾನುವಾರದ ಗದ್ದಲದಲ್ಲಿ ಸಾವಿರಾರು ಜೋಡಿ ಕಣ್ಣು ತನ್ನನ್ನೇ ನೆಟ್ಟು ನೋಡುವಾಗ ಒಂದು ಗೊರಿಲ್ಲಾಗೆ ಹೇಗಾಗುತ್ತದೆ ಎಂಬುದನ್ನು ಆವರಣ ಕಟ್ಟುವವರು ಮೊದಲು ಯೋಚಿಸಬೇಕು. ‘ಪ್ರಾಣಿ ಕಾಣಿಸಲೇ ಇಲ್ಲ’ ಎಂದು ದೂರು ಬರೆಯುವ ಮುಂಚೆ ನಾವೂ ಇದನ್ನು ಯೋಚಿಸಬಹುದು. ಮರೆಗೆ ಹೋಗಿ ಕೂರುವುದು ಅದರ ಹಕ್ಕು.

ಕಂಬಿಯಿಲ್ಲದ, ಕಂದಕದ ಆವರಣವನ್ನು ಜನಪ್ರಿಯಗೊಳಿಸಿದವರು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್, 1907ರಲ್ಲಿ, ಹ್ಯಾಂಬರ್ಗ್ ಬಳಿ. ನೋಡುವವರ ಕಣ್ಣಿಗೆ ಕಂಬಿ ಅಡ್ಡ ಬರದಂತಾಯಿತು. ಆದರೆ ಮಹಾವಾನರಗಳು ಸಾಮಾನ್ಯವಾಗಿ ಈಜಲಾರವು. ಆಳದ ನೀರಿನ ಕಂದಕಕ್ಕೆ ಬಿದ್ದು ಸತ್ತ ಉದಾಹರಣೆಗಳಿವೆ.

ಒಣ ಕಂದಕವಾದರೂ ನಂಬಿ ಕೂರುವಂತಿಲ್ಲ. 1968ರಲ್ಲಿ ಅಮೆರಿಕದ ಒಮಾಹಾ ಮೃಗಾಲಯದಲ್ಲಿ ಫೂ ಮಾಂಚು ಎಂಬ ಒರಾಂಗುಟಾನ್ ತನ್ನವರನ್ನು ಕರೆದುಕೊಂಡು ಮತ್ತೆ ಮತ್ತೆ ಹೊರಗೆ ಬರುತ್ತಿತ್ತು. ಕೀಪರ್‌ಗಳೇ ಬಾಗಿಲು ಹಾಕಲು ಮರೆತರೆಂದು ಮೇಲಿನವರು ಸಿಟ್ಟಾದರು. ಕಡೆಗೆ ಹೊಂಚಿ ನೋಡಿದಾಗ ನಿಜ ತಿಳಿಯಿತು. ಅದು ಗಾಳಿಕಿಂಡಿಯ ಹಾದಿಯಲ್ಲಿ ಒಣ ಕಂದಕಕ್ಕೆ ಇಳಿದು, ಅಲ್ಲಿನ ಬಾಗಿಲನ್ನು ಕೈಯಿಂದ ಜಗ್ಗಿ ಸಂದು ಮಾಡಿ, ಒಂದು ತಂತಿಯನ್ನು ಒಳಗೆ ತೂರಿಸಿ ಚಿಲಕ ಸರಿಸುತ್ತಿತ್ತು. ಕೆಲಸ ಮುಗಿದ ಮೇಲೆ ತಂತಿಯನ್ನು ಬಾಗಿಸಿ ತುಟಿ ಮತ್ತು ವಸಡಿನ ನಡುವೆ ಬಚ್ಚಿಟ್ಟುಕೊಳ್ಳುತ್ತಿತ್ತು. ಇಷ್ಟು ಬುದ್ಧಿಯಿರುವ ಜೀವಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಡಲು ಏನೂ ಇಲ್ಲದಿದ್ದರೆ ಅದರ ತಲೆಯೊಳಗೆ ಏನಾಗಬಹುದು?

ಏನಾಗುತ್ತದೆ ಎಂಬುದನ್ನು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆರು ಮೃಗಾಲಯಗಳ 40 ಚಿಂಪಾಂಜಿಗಳನ್ನು ಗಮನಿಸಿದಾಗ ನಲವತ್ತರಲ್ಲೂ ಒಂದಲ್ಲ ಒಂದು ಅಸಹಜ ವರ್ತನೆ ಕಂಡಿತು: ತನ್ನ ಕೂದಲನ್ನೇ ಕಿತ್ತುಕೊಳ್ಳುವುದು, ಕೂತಲ್ಲೇ ತೂಗಾಡುವುದು, ಮಲ ತಿನ್ನುವುದು, ತಿಂದದ್ದನ್ನು ಕಕ್ಕಿ ಮತ್ತೆ ತಿನ್ನುವುದು. ಒಳ್ಳೆಯ ಗುಂಪಿನಲ್ಲಿ, ಕೈತುಂಬ ಚಟುವಟಿಕೆ ಕೊಟ್ಟ ಕಡೆಯೂ ಇವು ಪೂರ್ತಿ ಮಾಯವಾಗಿರಲಿಲ್ಲ.

ಕಾಡಿನಲ್ಲಿ ಹಗಲಿನ ಬಹುಪಾಲು ಮೇವು ಹುಡುಕುವುದರಲ್ಲೇ ಕಳೆಯುತ್ತದೆ. ಬುಟ್ಟಿಯಲ್ಲಿ ಹಣ್ಣು ಸುರಿದರೆ ಕೆಲವೇ ನಿಮಿಷದಲ್ಲಿ ಖಾಲಿ. ಅದಕ್ಕೇ ತಿಳಿದ ಕೀಪರ್‌ಗಳು ಹುಲ್ಲಿನ ರಾಶಿಯಲ್ಲಿ ಸೇಂಗಾ ಬೆರೆಸುತ್ತಾರೆ, ಹಣ್ಣನ್ನು ಮಂಜುಗಡ್ಡೆಯೊಳಗೆ ಇಡುತ್ತಾರೆ, ಸುಳ್ಳು ಹುತ್ತ ಕಟ್ಟಿ ತೂತಿನಲ್ಲಿ ಜೇನು ತುಂಬುತ್ತಾರೆ. ಹುತ್ತದ ಯೋಚನೆ ಬಂದದ್ದು ಕಾಡಿನಿಂದಲೇ. 1960ರಲ್ಲಿ ಜೇನ್ ಗುಡಾಲ್ ಅವರು ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಚಿಂಪಾಂಜಿ ಹುಲ್ಲುಕಡ್ಡಿ ತೂರಿಸಿ ಗೆದ್ದಲು ಹಿಡಿಯುವುದನ್ನು ಕಂಡರು.

ಅಂಗಡಿ ಕಟ್ಟಡದಲ್ಲಿ ಕಾಲ ಕಳೆದ ಗೊರಿಲ್ಲಾಗಳೂ ಇವೆ. ಇವಾನ್ ಎಂಬ ಗೊರಿಲ್ಲಾ ಅಮೆರಿಕದ ಟಕೋಮಾ ಊರಿನ ಒಂದು ಅಂಗಡಿ ಮಳಿಗೆಯ ಸಿಮೆಂಟ್ ಕೋಣೆಯಲ್ಲಿ 27 ವರ್ಷ ಇತ್ತು. ಜನರ ಒತ್ತಾಯದ ಮೇಲೆ 1994ರಲ್ಲಿ ಅಟ್ಲಾಂಟಾ ಮೃಗಾಲಯಕ್ಕೆ ಹೋಯಿತು. ಬ್ಯಾಂಕಾಕಿನ ಪಾಟಾ ಮೃಗಾಲಯ ಇರುವುದಂತೂ ಅಂಗಡಿ ಕಟ್ಟಡದ ಮೇಲಂತಸ್ತಿನಲ್ಲಿ. ಅಲ್ಲಿ ಬುವಾ ನೋಯ್ ಎಂಬ ಹೆಣ್ಣು ಗೊರಿಲ್ಲಾವನ್ನು ದಶಕಗಳ ಕಾಲ ಇಟ್ಟಿದ್ದಾರೆ.

ಜಾಗದ ವಿಷಯ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಅರ್ಜೆಂಟೀನಾದ ಮೆಂಡೋಸಾ ಮೃಗಾಲಯದಲ್ಲಿ ಸಿಸಿಲಿಯಾ ಎಂಬ ಚಿಂಪಾಂಜಿ ಜೊತೆಗಾರರು ಸತ್ತ ಮೇಲೆ ಒಂಟಿಯಾಗಿತ್ತು. ಅಕ್ರಮ ಬಂಧನದಲ್ಲಿರುವ ಮನುಷ್ಯರ ಪರವಾಗಿ ಹಾಕುತ್ತಾರಲ್ಲ, ಆ ಹೇಬಿಯಸ್ ಕಾರ್ಪಸ್ ಅರ್ಜಿಯನ್ನೇ ಅದರ ಪರವಾಗಿ ಹಾಕಿದರು. 2016ರ ನವೆಂಬರ್‌ನಲ್ಲಿ ನ್ಯಾಯಾಧೀಶೆ ಅರ್ಜಿ ಒಪ್ಪಿದರು. ಮರುವರ್ಷ ಸಿಸಿಲಿಯಾ ಬ್ರೆಜಿಲ್‌ನ ಆಶ್ರಯಧಾಮ ಸೇರಿತು. ಅದೇ ದೇಶದ ಬ್ಯೂನಸ್ ಐರಿಸ್‌ನಲ್ಲಿದ್ದ ಸಾಂಡ್ರಾ ಎಂಬ ಒರಾಂಗುಟಾನ್‌ಗೂ ಹಕ್ಕುಗಳಿವೆ ಎಂದು ಕೋರ್ಟು ಹೇಳಿತ್ತು; ಅದು 2019ರಲ್ಲಿ ಫ್ಲೋರಿಡಾದ ಆಶ್ರಯಧಾಮಕ್ಕೆ ಹೋಯಿತು.

ನಮ್ಮಲ್ಲಿ ಚಿಂಪಾಂಜಿ ಆಸ್ತಿ ಜಪ್ತಿಯಲ್ಲೂ ಬಂದಿದೆ! 2019ರಲ್ಲಿ ಜಾರಿ ನಿರ್ದೇಶನಾಲಯ ಅಕ್ರಮ ಪ್ರಾಣಿ ವ್ಯಾಪಾರದ ಪ್ರಕರಣವೊಂದರಲ್ಲಿ ಮೂರು ಚಿಂಪಾಂಜಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಅವುಗಳಿಗೆ ಕೋಲ್ಕತ್ತಾದ ಅಲಿಪುರ ಮೃಗಾಲಯದಲ್ಲಿ ಜಾಗ ಮಾಡಬೇಕಾಯಿತು.

ನಮ್ಮ ನೆಗಡಿ ಮಹಾವಾನರಗಳಿಗೂ ಅಂಟುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಡಿಯಾಗೋ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ ಕೋವಿಡ್ ಬಂದಿತ್ತು. ಜನರಿಗೂ ಜಾಲರಿಗೂ ನಡುವಿನ ಅಂತರವೂ ‘ಜಾಗ’ದ ಲೆಕ್ಕಕ್ಕೇ ಸೇರಬೇಕು.

2025ರ ಜುಲೈನಲ್ಲಿ ಬೆಂಗಳೂರಿನ ಬನ್ನೇರುಘಟ್ಟ ಮೃಗಾಲಯದಿಂದ ನಾಲ್ಕು ಆನೆಗಳು ಜಪಾನಿನ ಹಿಮೇಜಿಗೆ ವಿಮಾನದಲ್ಲಿ ಹೋದವು. ಬದಲಿಗೆ ಬನ್ನೇರುಘಟ್ಟಕ್ಕೆ ಕೊಡುವ ಪ್ರಾಣಿಗಳ ಪಟ್ಟಿಯಲ್ಲಿ ಚೀತಾ, ಜಾಗ್ವಾರ್ ಜೊತೆ ಚಿಂಪಾಂಜಿಯೂ ಇದೆ. ಚಿಂಪಾಂಜಿ ಬರುತ್ತದೆಂದರೆ ಊರೆಲ್ಲ ಸಂಭ್ರಮ. ಮರ ಎಷ್ಟೆತ್ತರ, ಮರೆ ಎಲ್ಲಿ, ರಾತ್ರಿಕೋಣೆಗೆ ಬಾಗಿಲು ಎಷ್ಟು ಎಂದು ಈಗಲೇ ಕೇಳಿದರೆ ಕಟ್ಟುವವರಿಗೂ ಅನುಕೂಲ.

ಕೇಳಲು ಇನ್ನೊಂದು ಕಾರಣವೂ ಇದೆ. ಮಹಾವಾನರಗಳಿಗೆ ದೀರ್ಘಾಯುಸ್ಸು. ಸೆರೆಯಲ್ಲಿ ಹುಟ್ಟಿದ ಮೊದಲ ಗೊರಿಲ್ಲಾ ಕೋಲೋ 1956ರಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಹುಟ್ಟಿ 2017ರವರೆಗೆ, 60 ವರ್ಷ ಬದುಕಿತು. ಅಷ್ಟು ಬೇಡ, ನಲವತ್ತೇ ವರ್ಷ ಎಂದುಕೊಂಡರೂ, 8ನೇ ವಯಸ್ಸಿಗೆ ಮೈಸೂರಿಗೆ ಬಂದ ಡೆಂಬಾ 2053ರವರೆಗೆ ಇರಬೇಕು.