ಸೇನೆ ತೊರೆದ ನೆಲದಲ್ಲಿ ಹೊಸ ಬಡಾವಣೆ

ಪ್ರಶ್ನೆ: ಸೇನೆ ಬಿಟ್ಟುಹೋದ ಜಾಗವನ್ನು ಪರಿಸರಸ್ನೇಹಿ ಬಡಾವಣೆಯಾಗಿ ಮಾರ್ಪಡಿಸಲು ಸಾಧ್ಯವೇ? ಬೆಂಗಳೂರಿನಲ್ಲಿ ಅಂಥದ್ದು ನಡೆದಿದೆಯೇ?
– ಓದುಗರು, ಕತ್ರಿಗುಪ್ಪೆ

ಉತ್ತರ: ಸೇನಾನೆಲವು ನಾಗರಿಕ ಬಳಕೆಗೆ ಬಂದ ಉದಾಹರಣೆ ಬೆಂಗಳೂರಿನ ಕೋಟೆ ಪ್ರದೇಶದಲ್ಲಿಯೇ ಇದೆ. ಹೈದರಾಲಿಯು ಕಲ್ಲಿನಿಂದ ಬಲಪಡಿಸಿದ ಈ ಕೋಟೆಯನ್ನು 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ವಶಪಡಿಸಿಕೊಂಡಿತು. 1809ರಲ್ಲಿ ಬ್ರಿಟಿಷರ ದಂಡುಪ್ರದೇಶ (ಕಂಟೋನ್ಮೆಂಟ್) ಸ್ಥಾಪನೆಯಾದ ಮೇಲೆ ಕೋಟೆಯ ಸೈನಿಕ ಮಹತ್ವ ಕ್ರಮೇಣ ಕುಗ್ಗಿ, ಗೋಡೆಗಳು ಬಹುಪಾಲು ನೆಲಸಮವಾಗಿ, ಅದರ ಆಸುಪಾಸಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಶಾಲೆಗಳು ಹಾಗೂ ಕೃಷ್ಣರಾಜೇಂದ್ರ ಮಾರುಕಟ್ಟೆ ತಲೆಯೆತ್ತಿದವು. ಆದರೆ ಈ ಪರಿವರ್ತನೆಯು ಬಿಡಿಬಿಡಿಯಾಗಿ ನಡೆಯಿತು; ಇಂದು ಕೋಟೆಯ ದೆಹಲಿ ಬಾಗಿಲು ಮತ್ತು ಅದಕ್ಕೆ ಹೊಂದಿಕೊಂಡ ಸ್ವಲ್ಪ ಭಾಗವಷ್ಟೇ ಉಳಿದಿದೆ.

ಇಡೀ ಬಡಾವಣೆಯನ್ನು ಒಂದೇ ಯೋಜನೆಯಡಿ ರೂಪಿಸಿದ ಪ್ರಸಿದ್ಧ ನಿದರ್ಶನ ಜರ್ಮನಿಯ ಫ್ರೈಬುರ್ಗ್ ನಗರದ ವೋಬಾನ್. ಫ್ರೆಂಚ್ ಸೇನೆ 1992ರಲ್ಲಿ ತೆರವುಗೊಳಿಸಿದ ಸುಮಾರು 40 ಹೆಕ್ಟೇರ್ ಶಿಬಿರದಲ್ಲಿ, ನಿವಾಸಿಗಳೇ ಯೋಜನೆಯಲ್ಲಿ ಪಾಲ್ಗೊಂಡು, ಹಳೆಯ ಮರಗಳನ್ನು ಉಳಿಸಿಕೊಂಡು, ಮನೆ, ಅಂಗಡಿ, ಶಾಲೆಗಳು ನಡೆದು ತಲುಪುವಷ್ಟು ಹತ್ತಿರವಿರುವ ‘ಮಿಶ್ರಬಳಕೆ’ಯ ನೆರೆಹೊರೆಯನ್ನು ಕಟ್ಟಲಾಯಿತು. ಕಾರುಗಳನ್ನು ಬಹುಮಟ್ಟಿಗೆ ಅಂಚಿನ ನಿಲುಗಡೆ ಕಟ್ಟಡಗಳಿಗೆ ಸೀಮಿತಗೊಳಿಸಿ, 2006ರಲ್ಲಿ ಟ್ರಾಮ್ ಸಂಪರ್ಕ ಕಲ್ಪಿಸಲಾಯಿತು. ಶಾಖ ಹೊರಹೋಗದಂತೆ ದಪ್ಪ ಹೊದಿಕೆಯಿಂದ ಕಟ್ಟುವ, ಅತ್ಯಲ್ಪ ಇಂಧನ ಸಾಕಾಗುವ ‘ಪ್ಯಾಸಿವ್ ಮನೆ’ಗಳೂ ಅಲ್ಲಿವೆ.

ಬೆಂಗಳೂರಿನ ಹವೆಗೆ ಶಾಖ ಕಾಯುವ ಗೋಡೆಗಳಿಗಿಂತ ನೆರಳು, ಗಾಳಿಯಾಟ, ಮಳೆನೀರು ಸಂಗ್ರಹಗಳೇ ಮುಖ್ಯ. ಆದರೂ ಕಟ್ಟುವ ಮೊದಲೇ ಮರ, ನೀರು, ಸಾರಿಗೆಗಳನ್ನು ನಿಶ್ಚಯಿಸಬೇಕೆಂಬ ತತ್ತ್ವ ಎರಡೂ ನಗರಗಳಿಗೆ ಸಮಾನವಾಗಿ ಅನ್ವಯಿಸುತ್ತದೆ.