ಆನ್‌ಲೈನ್ ತರಗತಿಯ ಕಾಲದ ಅಡುಗೆಮನೆ

2020ರ ಮಾರ್ಚ್‌ನಲ್ಲಿ ಕರ್ನಾಟಕದ ಶಾಲೆಗಳು ಬಾಗಿಲು ಹಾಕಿದ ಮೇಲೆ ಪಾಠಗಳು ಮೊಬೈಲಿನ ಪರದೆಗೂ ದೂರದರ್ಶನದ ಚಂದನ ವಾಹಿನಿಗೂ ಸರಿದವು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ಅವಧಿಯಲ್ಲಿ ಮನೆಯಡುಗೆಯನ್ನು ಕಾಡಿದ್ದು ಹೊತ್ತಿನ ಅಭಾವ. ಒಂದರಿಂದ ಎಂಟನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಷ್ಟೇ ನೇರ ಪಾಠವಿರಲಿ ಎಂದು ಕೇಂದ್ರ ಸರ್ಕಾರದ ‘ಪ್ರಜ್ಞಾತ’ ಮಾರ್ಗಸೂಚಿ 2020ರ ಜುಲೈನಲ್ಲಿ ಹೇಳಿತ್ತಾದರೂ, ಚಿಕ್ಕ ಮಗುವಿಗೆ ಲಿಂಕ್ ತೆರೆದುಕೊಡುವುದು, ನೋಟ್ಸ್‌ನ ಚಿತ್ರ ತೆಗೆದು ಕಳುಹಿಸುವುದು, ನಡುವೆ ಕಡಿದುಹೋದ ನೆಟ್‌ವರ್ಕ್‌ಗೆ ಕಾಯುವುದು ಇವೆಲ್ಲ ಸೇರಿ ಹಿರಿಯರೊಬ್ಬರ ಬೆಳಗನ್ನು ಹತ್ತು ಹದಿನೈದು ನಿಮಿಷಗಳ ಚೂರುಗಳಾಗಿ ಒಡೆಯುತ್ತಿದ್ದವು. ಆ ಹಿರಿಯರು ಬಹುಪಾಲು ಮನೆಗಳಲ್ಲಿ ತಾಯಿಯೇ ಆಗಿದ್ದರೆಂಬುದು ಎಲ್ಲರೂ ಬಲ್ಲ ಸಂಗತಿ.

ಅಡುಗೆಯ ಕೆಲಸದಲ್ಲಿ ಎರಡು ಬಗೆಯುಂಟು. ದೋಸೆ ಹೊಯ್ಯುವುದು, ಚಪಾತಿ ಲಟ್ಟಿಸುವುದು, ಒಗ್ಗರಣೆ ಹಾಕುವುದು ಮುಂತಾದವು ಕಣ್ಣು ಕೈ ಎರಡನ್ನೂ ಬೇಡುತ್ತವೆ. ನೆನೆಯುವುದು, ಹುದುಗುವುದು, ಮೊಳಕೆಯೊಡೆಯುವುದು, ಕುಕ್ಕರಿನಲ್ಲಿ ಬೇಯುವುದು ಮಾತ್ರ ಯಾರೂ ಎದುರು ನಿಲ್ಲದಿದ್ದರೂ ತಮ್ಮಷ್ಟಕ್ಕೆ ಸಾಗುತ್ತವೆ. ಮಗುವಿನ ಪಕ್ಕದಲ್ಲಿ ಕೂತಿರಲೇಬೇಕಾದ ದಿನಕ್ಕೆ ಈ ಎರಡನೆಯ ಬಗೆಯ ಅಡುಗೆಯೇ ಹೊಂದುವಂಥದ್ದು, ಮತ್ತು ಅದು ಪೌಷ್ಟಿಕತೆಯಲ್ಲೂ ಹಿಂದೆ ಬೀಳುವುದಿಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಆಮ್ಲವನ್ನೂ ಅನಿಲವನ್ನೂ ಉತ್ಪಾದಿಸಿ ಹಿಟ್ಟನ್ನು ಉಬ್ಬಿಸುವುದರ ಜೊತೆಗೆ, ಕಬ್ಬಿಣ ಮತ್ತು ಸತುವಿನ ಅಂಶಗಳನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುವ ಫೈಟೇಟ್ ಎಂಬ ಸಂಯುಕ್ತವನ್ನು ಒಂದಷ್ಟು ಒಡೆಯುತ್ತವೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲವನ್ನು, ಅಂದರೆ ಪ್ರೋಟೀನಿನ ಒಂದು ಘಟಕವನ್ನು, ಉದ್ದಿನಬೇಳೆ ತುಂಬಿಕೊಡುತ್ತದೆ.

ಹಳೆಯ ಮೈಸೂರು ಸೀಮೆಯ ಬಸ್ಸಾರು ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಯೋಗ್ಯವಾದ ಅಡುಗೆ. ಕಾಳು ಅಥವಾ ಬೇಳೆಯನ್ನು ಸೊಪ್ಪಿನೊಂದಿಗೆ ಬೇಯಿಸಿ, ಬಸಿದ ಕಟ್ಟಿಗೆ ತೆಂಗಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಮತ್ತು ಬೆಂದ ಕಾಳಿನದೇ ಒಂದು ಹಿಡಿಯನ್ನು ರುಬ್ಬಿ ಸೇರಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯ ಬೇಯಿಸುವಿಕೆಯಿಂದ ಎರಡು ವ್ಯಂಜನಗಳು ದೊರೆಯುವುದಲ್ಲದೆ, ನೀರಿನಲ್ಲಿ ಕರಗಿಹೋಗುವ ಫೋಲೇಟ್‌ನಂಥ ಜೀವಸತ್ವಗಳು ಬಸಿದ ನೀರಿನೊಂದಿಗೆ ಬಚ್ಚಲು ಸೇರದೆ ಸಾರಿನಲ್ಲೇ ಉಳಿಯುತ್ತವೆ. ಸೊಪ್ಪು ಬಿಡಿಸುವುದಾಗಲಿ, ಚಳಿಗಾಲದಲ್ಲಿ ಅವರೆಕಾಳು ಹಿತಕುವುದಾಗಲಿ ಕೂತಲ್ಲೇ ಆಗುವ ಕೆಲಸಗಳಾದುದರಿಂದ ಪಾಠದ ಪಕ್ಕದಲ್ಲೇ ನಡೆಯಬಲ್ಲವು; ಅವಧಿಗಳ ನಡುವೆ ಮಕ್ಕಳ ಕೈಗೂ, ಮನೆಯಲ್ಲೇ ಕಚೇರಿಯ ಕೆಲಸ ಮಾಡುವ ತಂದೆಯ ಕೈಗೂ ಅವನ್ನು ಒಪ್ಪಿಸಬಹುದೆಂಬುದನ್ನು ಅನೇಕ ಮನೆಗಳು ಕೊನೆಯವರೆಗೂ ಮನಗಾಣಲಿಲ್ಲ. ಜೊತೆಗೆ ರಾಗಿಮುದ್ದೆಯಿದ್ದರೆ ಊಟ ತುಂಬುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲೂ ಫೈಟೇಟ್ ಇರುವುದರಿಂದ ಅಷ್ಟೂ ಮೈಗೆ ಹತ್ತುವುದಿಲ್ಲವಾದರೂ, ಮೊಳಕೆ ಕಟ್ಟಿ ಮಾಡಿದ ಹಿಟ್ಟು ಈ ಕೊರತೆಯನ್ನು ತಗ್ಗಿಸುತ್ತದೆ.

ತಿಂಡಿಯ ವಿಚಾರದಲ್ಲಿ ತೊಡಕಾದದ್ದು ಬಿಸ್ಕತ್ತಿನ ಡಬ್ಬಿ ಕೈಗೆಟುಕುವಷ್ಟು ಹತ್ತಿರವಿದ್ದುದು. ಪರದೆ ನೋಡುತ್ತ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ ಅರಿವು ತಡವಾಗಿ ಆಗುವುದರಿಂದ, ಪಾಠದ ಹೊತ್ತಿನಲ್ಲಿ ತಟ್ಟೆ ಮುಂದಿಡದೆ ಬಿಡುವಿನಲ್ಲಿ ಕೊಡುವುದು ಲೇಸು. ಮೊಳಕೆ ಹೆಸರುಕಾಳಿನ ಉಸಲಿಗೆ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವ ಕಾಳಿನ ಕಬ್ಬಿಣ ಮೈಗೂಡಲು ನೆರವಾಗುತ್ತದೆ. ಅದರ ಬೆನ್ನಿಗೇ ಚಹಾ ಕುಡಿಸಿದರೆ ಆ ಲಾಭ ಕುಗ್ಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಗಲಿನಲ್ಲಿ ಹಿರಿಯರೊಬ್ಬರು ಮನೆಯಲ್ಲಿರುವ ಕುಟುಂಬಗಳಿಗೆ ಸಂಬಂಧಿಸಿದ್ದು. ಉಳಿದ ಮನೆಗಳ ಮಕ್ಕಳಿಗೆ ನಡುಹಗಲಿನಲ್ಲಿ ನೆರವಾಗುತ್ತಿದ್ದುದು ಶಾಲೆಯ ಊಟ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, ಕಿರಿಯ ಪ್ರಾಥಮಿಕ ಮಕ್ಕಳಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಒದಗಿಸಬೇಕೆಂಬ ರಾಷ್ಟ್ರೀಯ ಮಾನದಂಡಕ್ಕೆ ಒಳಪಟ್ಟಿದೆ. ಶಾಲೆ ಮುಚ್ಚಿದಾಗ ಅದರ ಬದಲಿಗೆ ಆಹಾರಧಾನ್ಯ ಮನೆಗೆ ಬಂತು, ಅಡುಗೆಯವರ ಕೈ ಬರಲಿಲ್ಲ. ತಾಯ್ತಂದೆಯರಿಬ್ಬರೂ ಕೂಲಿಗೆ ಹೋದ ಮನೆಯಲ್ಲಿ ಆ ಅಕ್ಕಿ ಬೇಳೆ ನಡುಹಗಲಿಗೆ ಊಟವಾಗಬೇಕಾದರೆ ಒಲೆಯ ಮುಂದೆ ನಿಲ್ಲಬೇಕಾದವಳು ಹಲವೆಡೆ ಅಕ್ಕನೇ, ಅಂದರೆ ಅದೇ ಹೊತ್ತಿಗೆ ಪಾಠ ಕೇಳಬೇಕಿದ್ದ ಇನ್ನೊಬ್ಬ ವಿದ್ಯಾರ್ಥಿನಿ. ಇಂಥ ಮನೆಗಳಲ್ಲಿ ನಸುಕಿನಲ್ಲೇ ಕಾಯಿಸಿಟ್ಟ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿಕೊಂಡು, ಒಂದು ಹಿಡಿ ಹುರಿದ ಕಡಲೆಕಾಯಿಯ ಜೊತೆಗೆ ಕುಡಿಯುವ ಏರ್ಪಾಟು, ಬಿಸಿಯೂಟಕ್ಕೆ ಸಮನಲ್ಲದಿದ್ದರೂ, ಆ ಹುಡುಗಿಯ ಪಾಠದ ಅವಧಿಯನ್ನಾದರೂ ಉಳಿಸಿಕೊಡಬಲ್ಲದು.